ಆರುಮುಗಂ ತಟ್ಟಿದ ಬಂಡೆ

ಉರಿಗಾಂ
14-11-1991

ಚಿ. ಮುನಿರತ್ನಳಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಕಾಮಸಮುದ್ರದಲ್ಲಿ ನಿಮ್ಮ ಅಮ್ಮನೂ ಆರೋಗ್ಯವಾಗಿದ್ದಾರೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಸೋಮಾರಿತನ ಅಂದುಕೊಳ್ಳಬೇಡ, ನಾಲ್ಕು ಸಲ ಬರೆದು ಹರಿದುಹಾಕಿದೆ.

ಹೊಸೂರಿನ ನಿಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂದಿದೆ, ಮೋಟಾರಿನ ದೋಷವನ್ನು ಇನ್ನು ಅದೇ ಹೇಳುತ್ತದೆ. ಕಬ್ಬಿಣದ ಸರಳಿನ ಒಂದು ತುದಿ ಮೋಟಾರಿಗೆ, ಇನ್ನೊಂದು ಕಿವಿಗೆ ಇಟ್ಟು ಸದ್ದು ಕೇಳುವ ಬಚ್ಚಪ್ಪನವರನ್ನು ಮನೆಗೆ ಕಳಿಸಬಹುದೇ ಎಂದು ಈ ತಿಂಗಳೊಳಗೆ ನೀನು ಬರೆದುಕೊಡಬೇಕು. "ಅಪ್ಪ ಇಲ್ಲದ ಮೇಲೆ ನಿಮ್ಮನ್ನಲ್ಲದೆ ಯಾರನ್ನು ಕೇಳಲಿ ಚಿಕ್ಕಪ್ಪ? ಗಣಿಯ ಕಂಪ್ಯೂಟರ್ ಮುಂದೆ ಕೂತಿದ್ದವರು ನೀವು" ಎಂದಿದ್ದೀಯ.

ನಿಮ್ಮ ತಾತ ಹೇಳುತ್ತಿದ್ದರು: ಗಣಿಯಲ್ಲಿ ಉಗಿಯಂತ್ರ ಹೋಗಿ ಕರೆಂಟು ಬಂದಾಗ, ಲಿಫ್ಟು ನಡೆಸುತ್ತಿದ್ದ ಹಳಬನನ್ನು ಒಂದು ವರ್ಷ ಹೊಸಬನ ಪಕ್ಕದಲ್ಲೇ ಕೂರಿಸಿದ್ದರಂತೆ. ಹಗ್ಗ ಎಲ್ಲಿ ನಡುಗುತ್ತದೆ ಅನ್ನುವುದು ಅವನ ಅಂಗೈಗೆ ಗೊತ್ತಿತ್ತು. ನಮ್ಮ ಕಾಲಕ್ಕೆ ಆ ತಾಳ್ಮೆ ಇರಲಿಲ್ಲ. ಬಂಡೆಯೊಳಗಿನ ಸದ್ದು ತಂತಿಯಲ್ಲಿ ಮೇಲೆ ಬಂದು ಕಂಪ್ಯೂಟರಿನ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಅದನ್ನು ಓದುವವನು ನಾನು. ಇಸ್ತ್ರಿ ಅಂಗಿ ಹಾಕಿಕೊಂಡು ಬೀಗುತ್ತಿದ್ದೆ. ಕೆಳಗೆ ಗಣಿಯೊಳಗೆ ಮೇಸ್ತ್ರಿ ಆರುಮುಗಂ ಹಾರೆಯಿಂದ ತಲೆಯ ಮೇಲಿನ ಬಂಡೆ ತಟ್ಟಿ, ಗಟ್ಟಿ ಸದ್ದು ಬಂದರೆ ಮಾತ್ರ ಆಳುಗಳನ್ನು ಒಳಗೆ ಬಿಡುತ್ತಿದ್ದ. "ತಟ್ತಾ ಇರಣ್ಣ, ಯಾರಾನಾ ಬಾಗ್ಲು ತೆಗೀತಾರೆ" ಎಂದು ನಾನು ಆಡಿಕೊಳ್ಳುತ್ತಿದ್ದೆ.

ಈಗ ಮನೆಯ ಗೋಡೆಯನ್ನು ನಾನೇ ತಟ್ಟಿ ನೋಡುತ್ತೇನೆ. ಉಣ್ಣುವಾಗಲೂ ಕೈ ಅತ್ತ ಹೋಗುತ್ತದೆ. "ಯಾರವ್ರೆ ಅದ್ರೊಳಗೆ?" ಎಂದು ನಿಮ್ಮ ಚಿಕ್ಕಮ್ಮ ರೇಗುತ್ತಾಳೆ. ನನಗೆ ಭಯವಾಗುತ್ತದೆ ಮಗಳೇ.

ಕಂಪ್ಯೂಟರ್ ಬೇಡ ಅನ್ನಬೇಡ, ಅದೂ ಕೆಲಸಕ್ಕೆ ಬರುತ್ತದೆ. ಅದರ ಪಕ್ಕದಲ್ಲೇ ಬಚ್ಚಪ್ಪನವರಿಗೆ ಒಂದು ಸ್ಟೂಲು ಹಾಕಿಸು. ಇಬ್ಬರ ಮಾತು ಬೇರೆಯಾದ ದಿನ ಮೋಟಾರು ನಿಲ್ಲಿಸು.

ನೀನು ನೂರು ಕಾಲ ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಚಿಕ್ಕಪ್ಪ,
ಶ್ರೀನಿವಾಸಪ್ಪ

ತಾ.ಕ.: ನಿಮ್ಮ ಅಪ್ಪನ ಮೇಲೆ ಬಂಡೆ ಹೇಳದೆ ಕೇಳದೆ ಸಿಡಿಯಿತು ಎಂದು ಹದಿಮೂರು ವರ್ಷದಿಂದ ನಿನಗೂ ನಿಮ್ಮ ಅಮ್ಮನಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಆ ಬೆಳಿಗ್ಗೆ ಆರುಮುಗಂ ತಟ್ಟಿ ನೋಡಿ, "ಸದ್ದು ಸರಿ ಇಲ್ಲೆ, ಯಾರೂ ಓಗ್ಬ್ಯಾಡಿ" ಎಂದು ತಡೆದಿದ್ದ. ಅಣ್ಣ ಕೆಳಗಿನಿಂದ ನನಗೆ ಫೋನ್ ಮಾಡಿ, "ನಿನ್ ಕಾಗ್ದ ಏನ್ ಯೋಳ್ತೈತ್ಲಾ?" ಎಂದು ಕೇಳಿದ. ಆ ಮೂಲೆಗೆ ಇನ್ನೂ ತಂತಿ ಎಳೆದಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ "ಏನೂ ಇಲ್ಲ, ಓಗಣ್ಣ" ಎಂದೆ. "ನೀನ್ ಯೋಳ್ದ್ಮ್ಯಾಲೆ ಸರಿ ಬುಡ್ಲಾ" ಎಂದು ಅಣ್ಣ ಫೋನ್ ಇಟ್ಟ.