ಮತ್ತೆ

ಚೋವಾ ಚು ಕಾಂಗ್
ಭಾನುವಾರ

ಅಮ್ಮಾ, ನಮಸ್ಕಾರ.

ಪಕ್ಕದ ಮನೆಯ ಕ್ವೆಕ್ ಆಂಟಿ ಹೋಗಿಬಿಟ್ಟರು. ನಾವು ಎದ್ದು ಹೊರಟಾಗಲೆಲ್ಲ "ಮತ್ತೆ, ಮತ್ತೆ" ಅನ್ನುತ್ತಿದ್ದರಲ್ಲ, "ಚೀನೀ ಹೆಂಗಸಿಗೂ ಕನ್ನಡ ಬರತ್ತೆ ಕಣೇ" ಅಂತ ನೀನು ಇಲ್ಲಿಗೆ ಬಂದಿದ್ದಾಗ ನಕ್ಕಿದ್ದೆ. ನಾನೂ "ಮತ್ತೆ ನಾಳೆ ಬರ್ತೀನಿ ಆಂಟಿ" ಅಂದು ಬಾಗಿಲೆಳೆದುಕೊಂಡು ಬರುತ್ತಿದ್ದೆ.

ಆ "ಮತ್ತೆ" ಜಪಾನಿ ಮಾತಂತೆ. ನಮ್ಮ ಕಟ್ಟಡದ ಕೆಳಗಿನ ಖಾಲಿ ಅಂಗಳದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಶವಪೆಟ್ಟಿಗೆಯ ಪಕ್ಕ ಕೂತು ಅವರ ಮಗ ಹೇಳಿದ. ಆಂಟಿಯ ಹೆತ್ತ ತಾಯಿ ಜಪಾನಿನವಳು. ಯುದ್ಧ ಸೋತ ಮೇಲೆ ಮಗುವನ್ನು ಚೀನೀ ನೆರೆಯವರಿಗೆ ಕೊಟ್ಟು ಹಡಗು ಹತ್ತಿದಳಂತೆ. ಅವಳ ಭಾಷೆಯಲ್ಲಿ ಇವರಿಗೆ ಉಳಿದದ್ದು ಅದೊಂದೇ ಮಾತು. ಅರ್ಥ, "ನಿಲ್ಲು".

ನೀನು ಕೊಟ್ಟ ಶಾಲನ್ನು ಅವರ ಜೊತೆಗೇ ಕಳಿಸಿದೆವು. ಇನ್ನೊಂದು ಕಳಿಸಬೇಡ.

ನಾನು ಫೋನ್ ಇಡುವ ಹೊತ್ತಿಗೆ ನೀನೂ "ಮತ್ತೆ?" ಅನ್ನುತ್ತೀಯ. "ಮತ್ತೇನಿಲ್ಲಮ್ಮ" ಅಂತ ಇಟ್ಟುಬಿಡುತ್ತೇನೆ. ಈ ಸಲವೂ ಅನ್ನು. ನಾನು ಇಡುವುದಿಲ್ಲ.

ನಿನ್ನ
ಪದ್ಮಜಾ