ಸಿಂಹದ ಮೇಲಿನ ಗಿಲೀಟು

2-12-2025, ಮಂಗಳವಾರ, ಬೆಳಿಗ್ಗೆ

...ಅಲ್ಲ, ನಿನ್ನೆ ಹಾಗೆ ಹೇಳಬಾರದಿತ್ತು. ಸೊಸೆ ತೃಪ್ತಿ ಫೋನಿನಲ್ಲಿ ಮೆಲ್ಲಗೇ ಹೇಳಿದ್ದು — "ಮಾವ, ಜನವರಿಯಲ್ಲಿ ನನ್ನ ಮದುವೆ. ಮನ್ವಿತ್ ಅಂತ, ಮಸ್ಕತ್ತಿನಲ್ಲಿದ್ದಾರೆ. ಆದಿತ್ಯವಾರ ಬರ್ತೇನೆ. ಪ್ರಾಪ್ತಿಗೆ ಅಪ್ಪನ ಪದಕ ಬೇಕಂತೆ."

"ಗಂಡ ಬೇರೆ ಆದರೂ ಪದಕ ಬೇಕಾ?" ಎಂದೆ. ಫೋನಿಟ್ಟಳು.

ಬ್ಯಾಡ್ ಟೇಸ್ಟ್. ವೆರಿ ಬ್ಯಾಡ್. ಮಗ ಅಶ್ವಿತ್ ಗಡಿಯಲ್ಲಿ ಸತ್ತು ಐದು ವರ್ಷ. ಅವಳಿನ್ನೂ ಎಷ್ಟು ದಿನ ಒಬ್ಬಳೇ ಇರಬೇಕು? ಬುದ್ಧಿಗೆ ಗೊತ್ತುಂಟು. ನಾಲಗೆಗೆ ಇಲ್ಲ.

3-12, ಬುಧವಾರ

ಪದಕ ಹೊರಗೆ ತೆಗೆದೆ. ವೀರಚಕ್ರ. ಬೆಳ್ಳಿ ಕಪ್ಪಾಗಿತ್ತು. ಹಾಗೇ ಕೊಟ್ಟರೆ, ಮುದುಕ ಮುಟ್ಟಿಯೂ ನೋಡಿಲ್ಲ ಅಂದಾಳು. ಹುಣಸೆಹುಳಿ, ಬೂದಿ — ಹೆಂಡತಿ ವಿನೋದಾ ಇದ್ದಾಗ ದೀಪ ತಿಕ್ಕುತ್ತಿದ್ದ ಹಾಗೇ ತಿಕ್ಕಿದೆ. ಬೆಳ್ಳಿ ಬೆಳಗಿತು. ನಡುವಿನ ಸಿಂಹಗಳ ಮೇಲಿದ್ದ ಚಿನ್ನದ ಬಣ್ಣದ ಗಿಲೀಟು ಹೋಯಿತು. ಪೂರ್ತಿ.

ಸಿಟ್ಟಿನಿಂದ ಹಾಳು ಮಾಡಿದ್ದೆಂದೇ ತಿಳಿಯುತ್ತಾಳೆ. ಮೊನ್ನೆ ಆ ಮಾತು, ಇವತ್ತು ಇದು. ಯಾವ ಜಡ್ಜೂ ಬಿಡಲಿಕ್ಕಿಲ್ಲ. ಎವಿಡೆನ್ಸ್ ಸಫಿಶಿಯೆಂಟ್...

6-12, ಶನಿವಾರ

ಎರಡು ದಿನ ಬರೆಯಲು ಕೈ ಬರಲಿಲ್ಲ. ಊಟವೂ ಅಷ್ಟಕ್ಕಷ್ಟೆ. ಇವತ್ತು ತೋಡಾರಿನಿಂದ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ. ಗಿಲೀಟು ಹಾಕುವ ಝುಬೈರ್ ಕಣ್ಣಿಗೆ ಭೂತಗನ್ನಡಿ ಒತ್ತಿ ನೋಡಿದ.

"ಅರ್ಧ ಗಂಟೆಯ ಕೆಲಸ ಸಂಕಪ್ಪಣ್ಣ. ಆದರೆ ಮಾಡುದಿಲ್ಲ."

"ಯಾಕೆ ಮಾರಾಯ?"

"ನಾಟಕದವರ ಕಿರೀಟಕ್ಕೆ ಹಾಕುವ ಬಣ್ಣ ಇದಕ್ಕೆ ಹಾಕುದಾ? ಸೊಸೆಯ ಹತ್ತಿರ ಹೇಳಿಬಿಡಿ. ಹೊಡೆಯುದಿಲ್ಲವಲ್ಲ ಅವಳು!"

ಹೊಡೆದರೆ ಒಳ್ಳೆಯದೇ ಇತ್ತು. ಪ್ರಾಪ್ತಿಗೆ ಏಳು ವರ್ಷ. ಅಪ್ಪನ ಪದಕ ಹಾಳು ಮಾಡಿದ ಅಜ್ಜ ಎಂದುಕೊಂಡೇ ಮಸ್ಕತ್ತಿಗೆ ಹೋದರೆ, ಮತ್ತೆ ಈ ಮೆಟ್ಟಿಲು ಹತ್ತುವುದುಂಟಾ ಆ ಮಗು?

7-12, ಆದಿತ್ಯವಾರ, ಸಂಜೆ

ಬಂದಿದ್ದಾರೆ. ಪ್ರಾಪ್ತಿ ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದೆ.

ತೃಪ್ತಿ ಪದಕದ ಡಬ್ಬಿ ತೆರೆದಳು. ಸಿಂಹಗಳ ಮೇಲೆ ಬೆರಳಾಡಿಸಿದಳು. ನಾನೇ ಶುರು ಮಾಡಿದೆ — ಹುಳಿ, ಬೂದಿ, ಝುಬೈರ್, ಎಲ್ಲ ಹೇಳಿದೆ. ಬೇಡದ್ದೂ ಹೇಳಿದೆ.

"ಒಂದೇ ಮಾತು ಕೇಳ್ತೇನೆ ಮಾವ. ಬೇಕಂತಲೇ ಮಾಡಿದ್ದಾ?"

"ಛೆ! ನನ್ನ ಮಗನದ್ದು ಅದು—"

"ಇಲ್ಲ ಅಂತ ಹೇಳಿ, ಸಾಕು. ನಾನು ನಂಬ್ತೇನೆ."

ಕನ್ನಡಕ ತರುತ್ತೇನೆಂದು ಒಳಗೆ ಬಂದು ಕೂತಿದ್ದೇನೆ. ಇಲ್ಲ ಎಂದರೆ ಮುಗಿಯಿತು. ಸಿಂಪಲ್. ಅವಳು ನಂಬುತ್ತಾಳೆ.

ಬುಧವಾರ ಒಂದು ಸಂಗತಿ ಬರೆಯಲಿಲ್ಲ. ಮೊದಲ ಸಲ ಉಜ್ಜಿದಾಗಲೇ ಬಟ್ಟೆಗೆ ಸಿಂಹದ ಹಳದಿ ಹತ್ತಿತ್ತು. ನೋಡಿದೆ. ಕೈ ನಿಂತಿತು. ಮಸ್ಕತ್ತಿನಲ್ಲಿ ಆ ಮನ್ವಿತ್‌ನ ಮನೆಯ ಗೋಡೆ ಕಣ್ಣಿಗೆ ಬಂತು, ಅದರಲ್ಲಿ ಇದು ತೂಗುವುದು... ಮತ್ತೆ ಉಜ್ಜಿದೆ. ಮತ್ತೆ.

"ಮಾವಾ... ಸಿಗಲಿಲ್ವಾ ಕನ್ನಡಕ?"

ಮೂಗಿನ ಮೇಲೇ ಉಂಟು. ಆದರೂ ಅಕ್ಷರ ಕಾಣುತ್ತಿಲ್ಲ — ಕಿಟಕಿಯಲ್ಲಿ ಬೆಳಕು ಇಳಿಯಿತು. ಎದ್ದು ಹೋಗಿ ಅವಳಿಗೆ ಆ ಹಳದಿ ಬಟ್ಟೆಯ ಸಂಗತಿ ಹೇಳಬೇಕು.