ಅಳಿಸಿದ ಸಾಲಿಗೆ ಬಂದ ಉತ್ತರ

ಭಾನುವಾರ, ಮಧ್ಯಾಹ್ನ

ನನ್ನವರು ಅನ್ನಿಸಿಕೊಂಡವರಿಗೆ,

ಕ್ಷೇಮ ಸಮಾಚಾರ ಕೇಳುವುದಿಲ್ಲ. ಒಂದೇ ಸೂರಿನಡಿ ಇದ್ದೇವೆ, ನಿಮ್ಮ ಕ್ಷೇಮ ನನಗೆ ಕಾಣುತ್ತಲೇ ಇದೆ. ನನ್ನ ಕ್ಷೇಮವಂತೂ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇದನ್ನೆಲ್ಲ ಎದುರಿಗೆ ಕೂತು ಹೇಳಬಹುದಿತ್ತು. ಆದರೆ ನಾನು ಬಾಯಲ್ಲಿ ಹೇಳಿದ್ದು ನಿಮಗೆ ಯಾವತ್ತು ನಾಟಿದೆ? ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಿರುಬೆರಳಿನಿಂದ ಶುರು ಮಾಡುತ್ತೇನೆ, ಎಲ್ಲ ಶುರುವಾಗಿದ್ದು ಅಲ್ಲಿಂದಲೇ. ಆಪ್ತಸಲಹೆಗಾರ್ತಿಯ ಕೋಣೆಯಲ್ಲಿ ಗಂಡಹೆಂಡಿರು ಅತ್ತು ಕರೆದು ಆಡಿದ ಮಾತುಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಆ ಸದ್ದಿಗೇ ಅಲ್ಲವೇ ನೀವು ನನಗೆ ಟಕಟಕಿ ಎಂದು ಹೆಸರಿಟ್ಟಿದ್ದು. ಆ ಮಾತು ನನ್ನ ಕಿವಿಗೆ ಬಿದ್ದು ಆಕೆಯ ಕಡತಕ್ಕೆ ಸೇರಬೇಕು, ನಡುವೆ ಎಲ್ಲೂ ಸೋರಬಾರದು. ಶಿಫ್ಟ್ ಗುಂಡಿ ಒತ್ತಿ ಒತ್ತಿ ಆ ಬೆರಳು ಮರಗಟ್ಟಿ, ಒಂದು ಸಂಜೆ ನಾನು ಮೇಜಿನ ಮುಂದೆ ಕೂತು ಅತ್ತುಬಿಟ್ಟೆ. ಲಿಫ್ಟ್ ರಿಪೇರಿ ಮುಗಿಸಿ ಬಂದ ನೀವು ಕೈಯ ಗ್ರೀಸನ್ನೂ ತೊಳೆಯದೆ ನನ್ನ ಕೀಬೋರ್ಡನ್ನು ಮಗುಚಿ ಹಾಕಿಕೊಂಡು ಕೂತಿರಿ. ಆಗ ನಿಮ್ಮ ಮೇಲೆ ಉಕ್ಕಿದ ಪ್ರೀತಿ ಸುಳ್ಳಲ್ಲ. ಇವತ್ತು ಅದನ್ನು ನೆನೆದರೂ ಮೈ ಉರಿಯುತ್ತದೆ.

ಕೀಬೋರ್ಡಿನ ಹೊಟ್ಟೆಯಲ್ಲಿ ಕೂತು ಯಾವ ಗುಂಡಿಗೆ ಯಾವ ಅಕ್ಷರ ಎಂದು ತೀರ್ಮಾನಿಸುವ ಫರ್ಮ್‌ವೇರ್ ಎಂಬುದೊಂದು ಇರುತ್ತದೆ ಎಂದು ನನಗೆ ತಿಳಿಸಿದವರೇ ನೀವು. ಕಂಪನಿ ಕೊಟ್ಟಿದ್ದರಲ್ಲಿ ಶಿಫ್ಟನ್ನು ಹೆಬ್ಬೆರಳಿಗೆ ತರುವ ದಾರಿ ಇರಲಿಲ್ಲ. ಹವ್ಯಾಸಿಗಳು ಸೇರಿ ಮಾಡಿ ಪುಕ್ಕಟೆ ಹಂಚುವ ಇನ್ನೊಂದನ್ನು ಹಾಕುತ್ತೇನೆ ಅಂದಿರಿ. ಗುರುತು ಪರಿಚಯ ಇಲ್ಲದವರದು, ನಂಬಬಹುದಾ ಎಂದು ನಾನು ಕೇಳಿದ್ದೆ. "ಯಾರೋ ಒಬ್ರಲ್ಲ ಕಣೇ, ನೂರಾರು ಜನ ಸೇರಿ ಮಾಡಿದ್ದು. ಒಳಗಿರೋದೆಲ್ಲ ಎಲ್ರಿಗೂ ಕಾಣುತ್ತೆ, ಕದ್ದುಮುಚ್ಚಿ ಏನೂ ಇಲ್ಲ" ಎಂದು ನಕ್ಕಿರಿ. ಅಷ್ಟು ಜನ ನೋಡಿದ್ದಾರೆ ಅಂದಮೇಲೆ ನಾನೇನು ನೋಡುವುದು ಎಂದು ಸುಮ್ಮನಾದೆ.

ಹಾಕುವಾಗ ಮೊದಲ ಸಲ ಕೀಬೋರ್ಡ್ ಸತ್ತೇ ಹೋಯಿತು. ಬೇರೆಯವರ ಫರ್ಮ್‌ವೇರ್ ತುರುಕಿದ ಮಾಲನ್ನು ನಾವು ಮುಟ್ಟುವುದಿಲ್ಲ, ವಾರಂಟಿ ಮುಗಿಯಿತು ಎಂದು ಕಂಪನಿಯವರು ಕೈ ತೊಳೆದುಕೊಂಡರು. ನೀವು ಹಟ ಹಿಡಿದು ಬದುಕಿಸಿದಿರಿ. ಶಿಫ್ಟ್ ಹೆಬ್ಬೆರಳಿಗೆ ಬಂತು, ನೋವು ಇಳಿಯಿತು. ಇಂಥ ಗಂಡ ಯಾರಿಗುಂಟು ಎಂದು ಗೆಳತಿಗೆ ಬರೆದೆ. ಅದನ್ನೂ ಓದಿ ಹಿಗ್ಗಿರಬೇಕು ನೀವು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿಸಿದರೆ ನನಗಾಗದು ಎಂದು ಗೆಳತಿಗೆ ಬರೆದೆ. ಮರುದಿನದಿಂದ ನೀವು ತುಟಿ ಪಿಟಕ್ಕೆನ್ನದೆ ಚಹಾ ತಂದಿಟ್ಟು ಹೋಗತೊಡಗಿದಿರಿ. ನನ್ನ ಕೆಲಸದ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ ಎಂದು ಬರೆದೆ, ಕೇಳಿದಿರಿ. ಇಷ್ಟು ವರ್ಷ ಗೋಡೆಯ ಜೊತೆ ಸಂಸಾರ ಮಾಡಿದಂತಿದ್ದ ನನಗೆ ಗೋಡೆಗೆ ಕಿವಿ ಬಂದಂತಾಯಿತು. ಕನ್ನಡಿ ಮುಂದೆ ನಿಂತಾಗ ನಾಚಿಕೆಯಾಗುವಷ್ಟು ಖುಷಿಯಾಗಿದ್ದೆ ನಾನು.

ನೀವು ಎಡವಿದ್ದು ಅಮ್ಮನ ಹೊಲಿಗೆ ಯಂತ್ರದ ವಿಷಯದಲ್ಲಿ. ಅದರ ಮೇಲೆ ನಿಮ್ಮ ಸ್ಪ್ಯಾನರು, ವೈರಿನ ಸುರುಳಿ, ಹಳೆಯ ಬೇರಿಂಗು ಎಲ್ಲ ಪೇರಿಸಿಡುತ್ತಿದ್ದಿರಿ. "ಅಮ್ಮನ ತಲೆಯ ಮೇಲೇ ಹೇರಿದಂತಾಗುತ್ತದೆ" ಎಂದು ಗೆಳತಿಗೆ ಟೈಪ್ ಮಾಡಿದೆ. ಸತ್ತವರನ್ನು ಯಂತ್ರದಲ್ಲಿ ಹುಡುಕುತ್ತಾಳೆ ಎಂದು ನಗುತ್ತಾಳೇನೋ ಅನ್ನಿಸಿ, ಅಷ್ಟನ್ನೂ ಅಳಿಸಿ, ಬೇರೇನೋ ತಮಾಷೆ ಬರೆದು ಕಳಿಸಿದೆ. ಎರಡು ದಿನ ಕಳೆದು ಮನೆಗೆ ಬಂದರೆ ಯಂತ್ರ ಖಾಲಿ, ಮೇಲೊಂದು ಒಗೆದ ಬಟ್ಟೆ. ನಾನು ಬಾಯಿ ತೆರೆಯುವ ಮೊದಲೇ ನೀವು, "ಅಮ್ಮನ ತಲೆ ಮೇಲೇ ಹೇರಿದಂಗೆ ಆಗ್ತಿತ್ತಲ್ವಾ ನಿಂಗೆ" ಅಂದಿರಿ. ನಿಮ್ಮ ಹೆಗಲಿಗೆ ತಲೆ ಇಟ್ಟು ಅತ್ತೆ. ಪಾತ್ರೆ ತೊಳೆಯುವಾಗ ಹೊಳೆಯಿತು. ಆ ಮಾತು ನನ್ನ ಬಾಯಿಂದ ಬಂದಿಲ್ಲ, ಗೆಳತಿಗೂ ತಲುಪಿಲ್ಲ. ನನ್ನ ಬೆರಳಿಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ.

ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹೆಂಗಸು ಅದನ್ನು ತಮ್ಮ ಕಂಪ್ಯೂಟರಿಗೆ ಸಿಗಿಸಿ ನೋಡಿ ಹುಬ್ಬೇರಿಸಿದರು. "ಇದು ಆ ಗುಂಪಿನವರ ಅಸಲಿ ಅಲ್ಲ ಮೇಡಂ. ಯಾರೋ ಅದರ ನಕಲು ತಗೊಂಡು, ಒತ್ತಿದ್ದನ್ನೆಲ್ಲ ಒಳಗೇ ಕೂಡಿಡೋ ಹಾಗೆ ಮಾಡಿದ್ದಾರೆ. ಅಳಿಸಿದ್ದೂ ಇರುತ್ತೆ. ಇನ್ನೊಂದು ಕಂಪ್ಯೂಟರಿಗೆ ಎಳ್ಕೊಂಡ್ರೆ ಇಲ್ಲಿ ಖಾಲಿ ಆಗುತ್ತೆ. ನೋಡಿ, ನಿನ್ನೆಯಿಂದ ಈಚಿನದು ಮಾತ್ರ ಇದೆ, ಅದಕ್ಕೆ ಮುಂಚಿನದನ್ನ ಯಾರೋ ಎಳ್ಕೊಂಡಿದ್ದಾರೆ" ಅಂದರು. ಗೊತ್ತಿಲ್ಲದೆ ಹಾಕಿಕೊಂಡಿರಬಹುದಲ್ಲವೇ ಎಂದು ನಾನು ಕೇಳಿದೆ. ನಿಮ್ಮ ಪರವಾಗಿ ಕೇಳಿದೆ, ತಿಳಿಯಿತಾ? ಹಾಕುವಾಗಲೇ ಬೇಕು ಎಂದು ಒಪ್ಪಿದರೆ ಮಾತ್ರ ಅದು ಕೆಲಸ ಮಾಡುತ್ತದಂತೆ. ಇಂಟರ್ನೆಟ್ಟಿನಿಂದ ಅದನ್ನು ಇಳಿಸಿಕೊಳ್ಳುವ ಪುಟದಲ್ಲೇ ದಪ್ಪಕ್ಷರದಲ್ಲಿ ಎಚ್ಚರಿಕೆ ಇದೆಯಂತೆ.

ಮನೆಗೆ ಬಂದು, ಕೀಬೋರ್ಡ್ ಯಾಕೋ ಸರಿಯಿಲ್ಲ ಅಂದೆ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನೀವು, "ನಾನೇನೂ ಓದಿಲ್ಲ" ಅಂದಿರಿ. ಆಮೇಲೆ, "ಒಂದೆರಡು ಸಲ ಓದಿರ್ಬೋದು, ಅಷ್ಟೇ" ಅಂದಿರಿ. ಆಮೇಲೆ, "ನೀನು ನನ್ ಹತ್ರ ಏನೂ ಹೇಳಲ್ಲ, ಮತ್ತೆ ನಾನೇನ್ ಮಾಡ್ಲಿ" ಎಂದು ನನ್ನ ಮೇಲೇ ತಿರುಗಿಬಿದ್ದಿರಿ. ತೆಗೆದುಹಾಕಿ ಅಂದರೆ, ಮತ್ತೆ ಕೈ ಹಾಕಿದರೆ ಈ ಸಲ ಕೀಬೋರ್ಡ್ ಬದುಕುವುದಿಲ್ಲ, ಇರಲಿ ಬಿಡು, ಇನ್ನು ಆಣೆಗೂ ಮುಟ್ಟುವುದಿಲ್ಲ ಅಂದಿರಿ. ನಾನು ಹೂಂ ಅಂದೆ.

ನಾನು ಹೇಳುತ್ತಿರಲಿಲ್ಲ, ನಿಜ. ಹೇಳುವುದನ್ನು ಬಿಟ್ಟಿದ್ದೆ. ಒಂದು ಸಲ ಟಿವಿ ಆರಿಸಿ, ಏನಾಗಿದೆ ನಿನಗೆ ಎಂದು ಕೇಳಿದ್ದರೆ ಬಹುಶಃ ಬೈಯುತ್ತಿದ್ದೆ, ಆಮೇಲೆ ಹೇಳುತ್ತಿದ್ದೆ. ನೀವು ಬೈಸಿಕೊಳ್ಳಲು ತಯಾರಿರಲಿಲ್ಲ. ಆ ನೊಂದ ಗಂಡಹೆಂಡಿರು ನನ್ನ ಕಿವಿಯನ್ನು ನಂಬಿ ಕೊಟ್ಟ ಮಾತನ್ನೂ ಬೇಲಿಯೇ ಎದ್ದು ಹೊಲ ಮೇಯ್ದಂತೆ ಮೇಯ್ದಿರಿ. ನಾಳೆ ಸಲಹೆಗಾರ್ತಿಗೆ ನಾನೇ ಹೋಗಿ ಹೇಳಬೇಕು. ಕೆಲಸ ಹೋದರೂ ಹೋಗಲಿ. ನನಗೆ ಅದಕ್ಕಿಂತ ಸಂಕಟ ಬೇರೆ ಇದೆ: ನಿಮ್ಮ ಆ ಚಹಾ, ಆ ಮೌನ, ಆ ಒಗೆದ ಬಟ್ಟೆ, ಎಲ್ಲ ನನಗೆ ಬೇಕಾಗಿತ್ತು. ಈಗಲೂ ಬೇಕು. ಆದರೆ ಯಾವುದು ಪ್ರೀತಿ, ಯಾವುದು ಕದ್ದ ಪ್ರಶ್ನೆಪತ್ರಿಕೆ ನೋಡಿ ಬರೆದ ಉತ್ತರ ಎಂದು ನಾನು ಹೇಗೆ ತಿಳಿಯಲಿ?

ಇನ್ನೂ ನಿಮ್ಮವಳೇ ಆಗಿರಲು ಆಸೆಪಡುವ,
ನಿಮ್ಮ ಟಕಟಕಿ

ತಾ.ಕ.: ಈ ಪತ್ರವನ್ನು ನಾನು ನಿಮಗೆ ಕಳಿಸುವುದಿಲ್ಲ. ಅದೇ ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದೇನೆ, ಮುಗಿದ ಕೂಡಲೇ ಒಂದಕ್ಷರ ಬಿಡದೆ ಅಳಿಸುತ್ತೇನೆ. ಕೀಬೋರ್ಡನ್ನು ಮೇಜಿನ ಮೇಲೇ ಬಿಟ್ಟು ಚಿಕ್ಕಮ್ಮನ ಮನೆಗೆ ಹೋಗಿ ಬೆಳಿಗ್ಗೆ ಬರುತ್ತೇನೆ. ಬಂದವಳು ಅದನ್ನು ರಿಪೇರಿ ಅಂಗಡಿಗೆ ಒಯ್ಯುತ್ತೇನೆ. ಪತ್ರ ಅದರೊಳಗೇ ಇದ್ದರೆ ನೀವು ಆಣೆ ಉಳಿಸಿಕೊಂಡಿದ್ದೀರಿ, ನಾನು ಹೀಗೊಂದು ಪತ್ರ ಬರೆದಿದ್ದೆನೆಂದು ಜನ್ಮದಲ್ಲಿ ನಿಮಗೆ ತಿಳಿಯುವುದಿಲ್ಲ. ಇಷ್ಟು ದೂರ ಓದಿದ್ದೀರಾದರೆ, ಈಗ ಅದು ಖಾಲಿಯಾಗಿದೆ. ನಾನು ಬರುವುದರೊಳಗೆ ನಿಮ್ಮ ಬಟ್ಟೆಬರೆ ತೆಗೆದುಕೊಂಡು ಹೋಗಿ.